ಸಾಲೆ

ತಾರಾಂತೋದಿಂದ ರಜೆಗೆ ಬಂದ ಸಿಸ್ಟರ್ ಲುಡ್ವಿನಾ
ಅಕ್ಕನಿಗೊಂದು ಜಪಸರ ತಂದಳು, ಭಾವನ ಮೊಣಕಾಲಿಗೆ ಮುಲಾಮು,
ಎವರೆಸ್ಟನಿಗೆ ಒಂದು ಸಿ.ಡಿ.
ತಾನು ಆರೈಕೆ ಮಾಡುವ ಮುದುಕಿಯೊಬ್ಬಳ
ಮೊಮ್ಮಗ ಹಾಡಿದ್ದು.
ಹಾಡಿದ್ದಲ್ಲ, ಬೈದದ್ದು, ಎಂದು ತಿದ್ದಿದಳು.

ದುರ್ಗಿಗುಡಿಯ ನನ್ನ ಅಂಗಡಿಯಲ್ಲಿ ಆಗ
ಸುಟ್ಟ ಕಾಯಿಲು, ಹರಿದ ಕೋನು, ಆರಿದ ಅರ್ಧ ಚಾ.
ಅಣ್ಣಾ, ದೊಡ್ಡ ಬಾಕ್ಸಲ್ಲಿ ಹಾಕು, ಅಂದ ಹದಿನಾರರ ಹುಡುಗ.
ಹಾಕಿದೆ. ಶೋಕೇಸಿನ ಗಾಜು ನಡುಗಿತು.
ಒಂದು ಪದ ತಿಳಿದಿದ್ದರೆ ಕೇಳಿ.
ಆದರೆ ಉಸಿರು ಎಲ್ಲಿ ಎಳೆದ, ಎಲ್ಲಿ ಬಿಟ್ಟ,
ಎಲ್ಲಿ ಉಗುಳಿನ ಜೊತೆ ನುಂಗಿದ,
ಅಷ್ಟೂ ತಿಳಿಯಿತು.
ಮೂರನೇ ಹಾಡಿನ ನಡುವೆ ಒಂದು ಸೈರನ್.
ಎವರೆಸ್ಟ್ ಸ್ಟೂಲಿನಿಂದ ಎದ್ದೇಬಿಟ್ಟ:
ಇದು ಭದ್ರಾವತಿ!

ಅಲ್ಲ ಮಾರಾಯ, ಇಟಲಿ.
ಅಲ್ಲೂ ಕಬ್ಬಿಣದ ಕಾರ್ಖಾನೆಯಂತೆ,
ಒಣಹಾಕಿದ ಬಟ್ಟೆ ಮೇಲೆ, ಸತ್ತವರ ಕಲ್ಲಿನ ಮೇಲೆ
ಕೆಂಪು ಧೂಳು ಕೂರುತ್ತದಂತೆ.
ಅವನಪ್ಪನೂ ಕುಲುಮೆಯೆದುರು ನಿಂತು ಹುಬ್ಬು ಸುಟ್ಟುಕೊಂಡವನು.
ಅವರದು ಇನ್ನೂ ಉರಿಯುತ್ತಿದೆ.

ಹೆಸರು ಸಾಲೆ. ನಾವು ನಕ್ಕೆವು.
ಹಿಂದಿಯವರಿಗೆ ಬೈಗುಳ, ಹುಬ್ಬಳ್ಳಿಯವರಿಗೆ ಹೆಚ್ಚುಕಮ್ಮಿ ಇಸ್ಕೂಲು,
ನನಗೆ ಕೇಳಿದ್ದು ಸಾಲ.
ಉಪ್ಪು ಅಂತ ಅರ್ಥ, ಅಂದಳು ಸಿಸ್ಟರ್ ಫೋನಿನಲ್ಲಿ.
ಸ್ವಲ್ಪ ತಡೆದು,
ಮೇಲೇರುತ್ತಾನೆ ಅಂತಲೂ ಆಗುತ್ತೆ.

ಅವನು ಏರಿದ್ದು ನಮಗೆ ಭಾನುವಾರಗಳಲ್ಲಿ ತಿಳಿಯುತ್ತಿತ್ತು,
ಪೂಜೆ ಮುಗಿದ ಮೇಲೆ, ಕರೆನ್ಸಿ ಮುಗಿಯುವವರೆಗೆ.
ಬಂದರಿನ ನೆಲಮಾಳಿಗೆಯಲ್ಲಿ ಮೂವತ್ತು ಜನ.
ಆಮೇಲೆ ರೋಮಿನಲ್ಲಿ, ಎಣಿಸಲಾಗದಷ್ಟು.
ಎರಡನೇ ಆಲ್ಬಮ್ಮಿನಲ್ಲಿ ಅಪ್ಪ ಕೆಮ್ಮಿದ.
ನಾಲ್ಕನೆಯದರಲ್ಲಿ ಕೆಮ್ಮಿರಲಿಲ್ಲ, ಅಪ್ಪನೂ.
ಅತ್ತರಿನ ಜಾಹೀರಾತು ಬಂದಾಗ
ಟಿ.ವಿ. ಆರಿಸು, ಅಂದಳಂತೆ ಮುದುಕಿ,
ಆ ಅಂಗಿ ನಮ್ಮ ಮನೆಯದಲ್ಲ.

ಇಲ್ಲಿ ಇವನು ಹಳೆ ಬಿಲ್ ಬುಕ್ಕಿನ ಬೆನ್ನಲ್ಲಿ ಬರೆಯುತ್ತಿದ್ದ.
ರೇಡಿಯೋ ರಿಪೇರಿಗೆ ಬಂದ ಪುಟ್ಟಾಚಾರ್ ಮೇಷ್ಟ್ರು ಓದಿ,
ಕೊನೇಲಿ ಯಾಕೋ ಗಂಟು ಹಾಕ್ತೀಯ,
ನಮ್ಮ ಪ್ರಾಸ ಎರಡನೇ ಅಕ್ಷರದಲ್ಲಿ ಕೂರೋದು, ಅಂದರು.
ರಿಪೇರಿ ದುಡ್ಡು ಕೊಡದೆ ಹೋದರು.
ಮಾರನೇ ದಿನ ಎವರೆಸ್ಟ್ ತಂದದ್ದು:

ಕಬ್ಬಿಣ ಕುದೀತು ಹಬ್ಬ ಬಂತು
ಡಬ್ಬಿ ತೆರೆದೆ ಒಬ್ಬನ ಊಟ
ಇಬ್ಬರ ಹಸಿವು

ನಾನು ಬೆಸುಗೆ ಕಡ್ಡಿ ಕೆಳಗಿಟ್ಟೆ.

ಕಾಲೇಜ್ ಡೇಯಲ್ಲಿ ಕರೆಂಟು ಹೋಯಿತು, ನಿಲ್ಲಿಸಲಿಲ್ಲ,
ಮುಂದಿನ ಮೂರು ಬೆಂಚಿಗೆ ಮಾತ್ರ ಕೇಳಿತು,
ಆ ಮೂರು ಬೆಂಚು ಎದ್ದು ನಿಂತವು.
ಅದೇ ಅವನ ರೋಮು.
ಆಮೇಲೆ ಮದುವೆ ಹಾಲುಗಳಲ್ಲಿ ಡಿಜೆ,
ಒಂದು ಸಿನಿಮಾಕ್ಕೆ ಬರೆದ ಎಂಟು ಸಾಲು,
ಪರದೆಗೆ ಬರುವಷ್ಟರಲ್ಲಿ ಉಳಿದದ್ದು ಒಂದು ಹೇಯ್.

ಕಡೆಗೆ ಪಾಲಿಕೆಯವರು ಮೂರೂವರೆ ಸಾವಿರ ಕೊಟ್ಟರು:

ಹಸಿ ಬೇರೆ, ಕಸ ಬೇರೆ
ಬಿಸಿಲೇರೋ ಮುಂಚೆ ತಾರೆ

ಈಗ ದಿನಾ ಆರೂವರೆಗೆ
ಗೋಪಾಳದಿಂದ ವಿನೋಬನಗರದ ತನಕ
ಬಕೆಟು ಹಿಡಿದು ಊರೇ ಅವನ ದನಿಗೆ ಓಡುತ್ತದೆ.
ಕಾರ್ಖಾನೆ ಬಿಟ್ಟ ಅಪ್ಪನೂ, ಮೊಣಕಾಲು ಎಳೆಯುತ್ತ.
ಯಾರದೆಂದು ಯಾರೂ ಕೇಳಿಲ್ಲ. ಅವನೂ ಹೇಳಿಲ್ಲ.

ಹೋದ ರಜೆಯಲ್ಲಿ ಸಿಸ್ಟರ್
ಗೇಟಿನಲ್ಲಿ ನಿಂತು ಅದನ್ನ ಮೊಬೈಲಿಗೆ ತುಂಬಿಕೊಂಡಳು.
ಮೊನ್ನೆ ಫೋನು. ಮುದುಕಿ ಹಾಸಿಗೆ ಹಿಡಿದಿದ್ದಾಳೆ,
ಮೊಮ್ಮಗ ಬಂದಿದ್ದ, ತಲೆ ನರೆತಿದೆ, ಅತ್ತರಿನ ವಾಸನೆ ಇಲ್ಲ.
ಮನೆಯಲ್ಲಿ ಮಾತು ತೋಚದೆ ಇದನ್ನ ಹಾಕಿದಳಂತೆ.
ಅವನು ತುಟಿ ಅಲ್ಲಾಡಿಸುತ್ತ ನಾಲ್ಕು ಸಲ ಕೇಳಿದ,
ಹಿಂದೆ ಕೂಗೋದು ನಮ್ಮ ಕಾರ್ಖಾನೆ ಸೈರನ್ ತಾನೇ? ಅಂದ.
ಅಲ್ಲಪ್ಪ, ಗಾಡಿ ರಿವರ್ಸ್ ಹೋಗೋ ಶಬ್ದ.

ಎವರೆಸ್ಟನಿಗೆ ಹೇಳಿದೆ.
ಹೌದಾ? ಅಂದ. ಬೆಸುಗೆಯ ಹೊಗೆ ಊದಿದ.
ಎರಡನೇ ಸಾಲಲ್ಲಿ ಉಸಿರು ಸಾಲದೆ ಒಂದು ಕಡೆ ತಪ್ಪಿದೀನಿ, ಅಂದ.
ಅವನಿಗೆ ಗೊತ್ತಾಗಿರುತ್ತೆ.

ನಾಳೆ ಬುಧವಾರ. ಒಣ ಕಸ.